ಸರ್ಟಿಫಿಕೇಟ್ ಇದೆ, ಇನ್ನು ಮಗಳನ್ನು ನೋಡಬಹುದಾ?

"ಮೇಡಂ, ಕುಡಿತದ ಕಾರಣಕ್ಕೆ ಕೋರ್ಟು ಮಗಳ ಭೇಟಿ ನಿಲ್ಲಿಸಿತ್ತು. ಈಗ ಕುಡಿತ ಬಿಡಿಸುವ ಸೆಂಟರಿನಲ್ಲಿ ಮೂರು ತಿಂಗಳು ಇದ್ದು ಬಂದಿದ್ದೇನೆ. ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಅದನ್ನು ಕೋರ್ಟಿಗೆ ಕೊಟ್ಟರೆ ಭೇಟಿ ವಾಪಸ್ ಸಿಗುತ್ತೆ ಅಲ್ವಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಕೆಲವರು ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡೇ ಬರುತ್ತಾರೆ. ಭೇಟಿ ವಾಪಸ್ ಸಿಗುವ ದಾರಿ ಇದೆ. ಆದರೆ ಆ ಒಂದು ಹಾಳೆಯಿಂದ ಸಿಗುವುದಿಲ್ಲ.

ದಾರಿ ಯಾಕಿದೆ ಅಂದರೆ, ಮಗುವಿನ ವಿಷಯದಲ್ಲಿ ಕೋರ್ಟಿನ ಯಾವ ಆದೇಶವೂ ಕೊನೆಯ ಮಾತಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಆದೇಶವನ್ನು ಆಗಾಗ ಬದಲಿಸಬಹುದು. ಮಕ್ಕಳ ವಿಷಯದ ಆದೇಶಗಳನ್ನು ಬದಲಿಸಬಹುದು ಎಂದು ಸುಪ್ರೀಂ ಕೋರ್ಟು 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿ ಅದೇ ಫ್ಯಾಮಿಲಿ ಕೋರ್ಟಿಗೆ ಅರ್ಜಿ ಹಾಕಿ. ತಾಯಿಯ ಕುಡಿತಕ್ಕೂ ನಿಯಮ ಇದೇ. ಊರಿನವರು ಆಡುವ ಮಾತು ಮಾತ್ರ ಬೇರೆ.

ಈಗ ಸರ್ಟಿಫಿಕೇಟಿನ ಕಥೆಗೆ ಬರೋಣ. ಇದನ್ನು ನಂಬುವವರು ಅಪ್ಪಂದಿರು ಮಾತ್ರ ಅಲ್ಲ. ಅವರ ಅಮ್ಮಂದಿರು, ಭಾವಮೈದುನರು, ಕೆಲವು ವಕೀಲರು ಕೂಡ ನಂಬುತ್ತಾರೆ. ಆದರೆ ಆ ಹಾಳೆ ಏನು ಹೇಳುತ್ತದೆ? ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ನೀವು ಒಳಗಿದ್ದಿರಿ ಅಂತ. ಅಷ್ಟೇ. ಒಳಗೆ ಬಾಟಲಿ ಸಿಗುವುದಿಲ್ಲ, ಗೇಟಿಗೆ ಬೀಗ. ಅಲ್ಲಿ ಕುಡಿಯದೇ ಇರುವುದು ದೊಡ್ಡ ಮಾತಲ್ಲ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ಅಣ್ಣತಮ್ಮಂದಿರೆಲ್ಲ ಸೇರಿ, ಮಟನ್ ಸಾರು ಕುದಿಯುತ್ತಾ, ಯಾರೋ ಗ್ಲಾಸು ಮುಂದಿಟ್ಟಾಗ ನೀವು ಏನು ಮಾಡಿದಿರಿ? ಸಂಬಳ ಬಂದ ಶನಿವಾರ ಸಂಜೆ ಎಲ್ಲಿದ್ದಿರಿ? ನ್ಯಾಯಾಧೀಶರಿಗೆ ಬೇಕಿರುವುದು ಇದು. ಹಾಳೆಯಲ್ಲಿ ಇದಕ್ಕೆ ಉತ್ತರ ಇಲ್ಲ.

ಉತ್ತರ ಇರುವುದು ನೀವು ಮಡಚಿ ಜೇಬಿನಲ್ಲಿಟ್ಟುಕೊಂಡ ಓಪಿಡಿ ಪುಸ್ತಕದಲ್ಲಿ. ತಿಂಗಳು ತಿಂಗಳು ಫಾಲೋಅಪ್‌ಗೆ ಹೋಗಿದ್ದಕ್ಕೆ ತಾರೀಕು, ಸೀಲು, ಡಾಕ್ಟರ ಕೈಬರಹ. ಮಧ್ಯದಲ್ಲಿ ಒಮ್ಮೆ ಜಾರಿ ಕುಡಿದು, ಎರಡು ದಿನಕ್ಕೆ ನೀವೇ ಆಸ್ಪತ್ರೆಗೆ ಹೋಗಿದ್ದರೆ ಅದೂ ಅಲ್ಲಿರಲಿ. ಮುಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ಅದು ಎಷ್ಟೋ ವಾಸಿ. ರಕ್ತಪರೀಕ್ಷೆಯನ್ನೂ ಹಾಗೆಯೇ ನೋಡಿ. ಲಿವರ್ ಪರೀಕ್ಷೆಯಲ್ಲಿ ಕುಡಿತಕ್ಕೆ ಏರುವ ಜಿಜಿಟಿ ಅನ್ನುವ ಅಂಶ ಕೊಬ್ಬಿನ ಲಿವರಿಗೂ, ಕೆಲವು ಮಾತ್ರೆಗಳಿಗೂ ಏರುತ್ತದೆ. ಮೂತ್ರದ ಇಟಿಜಿ ಪರೀಕ್ಷೆ ಹೆಚ್ಚೆಂದರೆ ಮೂರ್ನಾಲ್ಕು ದಿನ ಹಿಂದಿನ ಕುಡಿತವನ್ನು ಹಿಡಿಯುತ್ತದೆ. ಪೆತ್ ಅನ್ನುವ ರಕ್ತಪರೀಕ್ಷೆ ಎರಡರಿಂದ ನಾಲ್ಕು ವಾರದ್ದನ್ನು ತೋರಿಸುತ್ತದೆ. ಯಾವುದೇ ಆಗಲಿ, ಒಂದು ರಿಪೋರ್ಟು ಒಂದು ಫೋಟೋ ಇದ್ದ ಹಾಗೆ. ಕೋರ್ಟು ಕೇಳುವುದು ಆಲ್ಬಮ್.

ಅರ್ಜಿ ಹಾಕುವಾಗ ಎರಡು ದಿನ ಮನೆಗೆ ಕಳಿಸಿ ಅಂತ ಕೇಳಬೇಡಿ. ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಇನ್ನೊಬ್ಬರ ಎದುರಿಗೆ, ಒಂದು ಗಂಟೆ ಕೇಳಿ. ವಿಡಿಯೋ ಕಾಲ್ ಕೂಡ ಕೇಳಿ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೂ ಮಗುವಿನ ಜೊತೆಗಿನ ಸಂಪರ್ಕ ಎಂದೇ ಎಣಿಸಿದೆ. ಕೊಟ್ಟ ಗಂಟೆಗೆ ಹತ್ತು ನಿಮಿಷ ಮೊದಲೇ ಹೋಗಿ. ಕೈಯಲ್ಲಿ ದುಬಾರಿ ಮೊಬೈಲ್ ಬೇಡ, ಚೌಕಾಬಾರ ಒಯ್ಯಿರಿ. ಅಮ್ಮ ಏನಂದಳು ಅಂತ ಮಗುವನ್ನು ಕೆದಕಬೇಡಿ. ಹೀಗೆ ಸರಿಯಾಗಿ ನಡೆದ ಒಂದೊಂದು ಭೇಟಿಯೂ ಮುಂದಿನ ಅರ್ಜಿಗೆ ಸಾಕ್ಷಿ. ರಾತ್ರಿ ಉಳಿಯುವ ಮಾತು ಕೊನೆಗೆ ಬರಲಿ.

ಇನ್ನೊಂದು ವಿಷಯ ಇದೆ, ಯಾರೂ ಕೇಳುವುದಿಲ್ಲ. ಎಲ್ಲರೂ ಸರ್ಟಿಫಿಕೇಟ್ ಕೇಳುತ್ತಾರೆ, ಕುಡಿತ ಬಿಡುವುದು ಹೇಗೆ ಅಂತ ಕೇಳುವುದಿಲ್ಲ. ತಾರೀಕು ಹತ್ತಿರ ಬಂತೆಂದು, ದಿನಾ ಜಾಸ್ತಿ ಕುಡಿಯುತ್ತಿದ್ದವರು ಮನೆಯಲ್ಲೇ ಒಂದೇ ಏಟಿಗೆ ನಿಲ್ಲಿಸುತ್ತಾರೆ. ಇದು ಅಪಾಯ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೈಕಾಲು ನಡುಗಿ, ಇಲ್ಲದ್ದೆಲ್ಲ ಕಂಡು, ಬುದ್ಧಿ ಭ್ರಮಿಸಿದಂತಾಗಬಹುದು. ಜೀವಕ್ಕೇ ಕುತ್ತು ಬಂದದ್ದಿದೆ. ನಿಮ್ಹಾನ್ಸ್ ಆಗಲಿ, ಜಿಲ್ಲಾಸ್ಪತ್ರೆ ಆಗಲಿ, ಡಾಕ್ಟರ ಕಣ್ಣೆದುರು ಬಿಡಿ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಸರ್ಕಾರದ ನಶಾಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಅಡ್ಮಿಟ್ ಆಗಿದ್ದೀರಿ ಅಂದರೆ ವಕೀಲರು ತಾರೀಕು ಮುಂದಕ್ಕೆ ಕೇಳುತ್ತಾರೆ. ಆಮೇಲೆ ಡಿಸ್ಚಾರ್ಜ್ ಹಾಳೆಯನ್ನೂ ಫೈಲಿಗೆ ಸೇರಿಸಿ. ಅದಕ್ಕೂ ಲ್ಯಾಮಿನೇಷನ್ ಮಾಡಿಸಬೇಡಿ ಮಾರಾಯ್ರೆ, ಕೋರ್ಟಿನವರು ಸೀಲು ಒತ್ತಬೇಕು.