ತಲಪಾಡಿ ಗೇಟಿನ ಆಚೆ ಈಚೆ: ಗಡಿ ಮುಚ್ಚುವ ಜಗಳ ಎಲ್ಲಿಂದ ಬಂತು?

ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ತಲಪಾಡಿ ಸಿಗುತ್ತದೆ. ಟೋಲ್ ಗೇಟ್ ದಾಟಿದರೆ ಕೇರಳ. ಬೋರ್ಡುಗಳ ಲಿಪಿ ಬದಲಾಗುತ್ತದೆ, ಜನರ ಮಾತು ಅಷ್ಟಾಗಿ ಬದಲಾಗುವುದಿಲ್ಲ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎರಡೂ ಕಡೆ ಇವೆ. ನೆಂಟಸ್ತಿಕೆಯೂ ಎರಡೂ ಕಡೆ ಇದೆ. 2020ರ ಮಾರ್ಚ್‌ವರೆಗೆ ಇಲ್ಲಿನವರಿಗೆ ಗಡಿ ಎಂದರೆ ಬಸ್ ಬದಲಿಸುವ ಜಾಗ, ಪೆಟ್ರೋಲ್ ಬೆಲೆ ಬದಲಾಗುವ ಜಾಗ, ಅಷ್ಟೇ.

ಆ ತಿಂಗಳ ಮೂರನೇ ವಾರ ಕಳೆಯುವಷ್ಟರಲ್ಲಿ ಕರ್ನಾಟಕ ಈ ದಾರಿಯನ್ನು ಮುಚ್ಚಿತು. ಹೆದ್ದಾರಿಯಲ್ಲಿ ಪೊಲೀಸ್ ಬ್ಯಾರಿಕೇಡ್ ನಿಂತವು. ಒಳಗಿನ ಸಣ್ಣ ರಸ್ತೆಗಳಿಗೆ ಮಣ್ಣು ಸುರಿದರು. ಆಮೇಲೆ ನಡೆದ ವಾದದಲ್ಲಿ ಹೈಕೋರ್ಟ್, ಸುಪ್ರೀಂ ಕೋರ್ಟ್, ಇಬ್ಬರು ಮುಖ್ಯಮಂತ್ರಿಗಳು, ಒಬ್ಬ ಮಾಜಿ ಪ್ರಧಾನಿ ಎಲ್ಲರೂ ಬಂದರು. ಆದರೆ ಈ ಜಗಳ ಕೊರೊನಾದಿಂದ ಶುರುವಾದದ್ದಲ್ಲ. ಅದರ ಬೇರು ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ಲೇಗ್ ಕಾಲದ ಕಾನೂನು

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡಿದರು, ರೈಲಿನಲ್ಲಿ ರೋಗವೂ ಹೊರಟಿತು. ಬ್ರಿಟಿಷ್ ಸರ್ಕಾರ ಗಡಿಬಿಡಿಯಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಇಡೀ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಸೆಕ್ಷನ್. ರೋಗ ತಡೆಯಲು ಸರ್ಕಾರಕ್ಕೆ ಅಗತ್ಯ ಅನ್ನಿಸಿದ್ದನ್ನು ಮಾಡಬಹುದು, ರೈಲು ಪ್ರಯಾಣಿಕರನ್ನು ತಪಾಸಣೆ ಮಾಡಬಹುದು, ಆದೇಶ ಮೀರಿದವರಿಗೆ ಶಿಕ್ಷೆ ಕೊಡಬಹುದು, ಒಳ್ಳೆಯ ಉದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ಕೇಸು ಹಾಕುವಂತಿಲ್ಲ. ಅದರ ತಿರುಳು ಇಷ್ಟೇ. ಜನರ ಹಕ್ಕಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದೇ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಾಯಿತು. ಮನೆಮನೆಗೆ ಸೈನಿಕರನ್ನು ನುಗ್ಗಿಸಿದ ರೀತಿಗೆ ಜನ ಎಷ್ಟು ರೊಚ್ಚಿಗೆದ್ದಿದ್ದರು ಎಂಬುದು ಇದರಿಂದಲೇ ತಿಳಿಯುತ್ತದೆ.

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ, ಅದೂ ರೈಲು ಹತ್ತಿಕೊಂಡು. ಮಲ್ಲೇಶ್ವರ, ಬಸವನಗುಡಿಯಂಥ ಗಾಳಿ ಬೆಳಕಿನ ಬಡಾವಣೆಗಳು ಆ ಹೊಡೆತದ ನಂತರವೇ ಬೆಳೆದವು.

ಮದ್ರಾಸ್ ಪ್ರಾಂತ್ಯ ಮಾತ್ರ ಬೇರೆ ದಾರಿಯನ್ನೂ ನೋಡಿತು. ರೋಗ ಇರುವ ಊರಿನಿಂದ ಬಂದವರ ಕೈಗೆ 'ಪ್ಲೇಗ್ ಪಾಸ್‌ಪೋರ್ಟ್' ಕೊಟ್ಟು ಒಳಗೆ ಬಿಡುತ್ತಿದ್ದರು. ಅವರು ಹೋದ ಊರಿನಲ್ಲಿ ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗಿ ಆರೋಗ್ಯ ತೋರಿಸಬೇಕು. ಇದರಲ್ಲೂ ಕಿರುಕುಳ ಇತ್ತು, ಲಂಚವೂ ಇದ್ದಿರಬೇಕು. ಆದರೂ ಅಲ್ಲಿ ಒಂದು ತಿಳಿವಳಿಕೆ ಇತ್ತು. ಮನುಷ್ಯ ಓಡಾಡಲೇಬೇಕು, ಹಾಗಾಗಿ ರಸ್ತೆ ಕಾಯುವುದಕ್ಕಿಂತ ಅವನ ಮೇಲೆ ಕಣ್ಣಿಡುವುದು ವಾಸಿ ಎಂಬ ತಿಳಿವಳಿಕೆ ಅದು. ಆಗ ಮಂಗಳೂರು, ಕಾಸರಗೋಡು ಎರಡೂ ಇದೇ ಪ್ರಾಂತ್ಯದಲ್ಲಿದ್ದವು. ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ಗೆರೆ ಎಳೆದದ್ದು 1956ರಲ್ಲಿ

1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅದನ್ನು ಒಪ್ಪದ ಕನ್ನಡಿಗರು ವರ್ಷಗಟ್ಟಲೆ ಹೋರಾಡಿದರು. ಕವಿ ಕಯ್ಯಾರ ಕಿಞ್ಞಣ್ಣ ರೈ ಆ ಹೋರಾಟದ ದೊಡ್ಡ ಹೆಸರು. 1967ರಲ್ಲಿ ಮಹಾಜನ್ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕು ಎಂದಿತು. ಅದು ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಒಂದು ಜಿಲ್ಲೆಯೇ ಆಯಿತು.

ರಾಜ್ಯ ಬದಲಾದರೂ ಕಾಯಿಲೆ ಬಿದ್ದವರ ದಾರಿ ಬದಲಾಗಲಿಲ್ಲ. ಮಂಗಳೂರಿನಲ್ಲಿ ಸರ್ಕಾರಿ ಆಸ್ಪತ್ರೆ ವೆನ್ಲಾಕ್ ಇತ್ತು. 1880ರಲ್ಲಿ ಸಣ್ಣದಾಗಿ ಶುರುವಾಗಿ ಬೆಳೆದ ಫಾದರ್ ಮುಲ್ಲರ್ ಆಸ್ಪತ್ರೆ ಇತ್ತು. 1950ರ ದಶಕದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂತು. ಆಮೇಲೆ ದೇರಳಕಟ್ಟೆಯ ಕಡೆ, ಅಂದರೆ ಗಡಿಗೆ ಇನ್ನೂ ಹತ್ತಿರದಲ್ಲಿ, ಒಂದರ ಹಿಂದೆ ಒಂದರಂತೆ ದೊಡ್ಡ ಆಸ್ಪತ್ರೆಗಳು ಎದ್ದವು. ಮಂಜೇಶ್ವರದವರಿಗೆ ಎದೆನೋವು ಬಂದರೆ ಕೋಯಿಕ್ಕೋಡ್ ಇನ್ನೂರು ಕಿಲೋಮೀಟರ್ ದೂರ, ಮಂಗಳೂರು ಕೂಗಳತೆಯಲ್ಲಿದೆ. ಯಾರು ಎತ್ತ ಹೋಗುತ್ತಾರೆ ಎಂದು ಕೇಳಬೇಕಾದ್ದೇ ಇಲ್ಲ, ಅಲ್ವಾ?

ಕೇರಳ ಸರ್ಕಾರಕ್ಕೆ ಇದು ಅನುಕೂಲವೂ ಆಯಿತು ಎಂದು ಹೇಳದೆ ವಿಧಿಯಿಲ್ಲ. ಆರೋಗ್ಯ ವ್ಯವಸ್ಥೆಯಲ್ಲಿ ದೇಶಕ್ಕೇ ಮಾದರಿ ಎನಿಸಿಕೊಂಡ ರಾಜ್ಯ ತನ್ನ ತುತ್ತತುದಿಯ ಜಿಲ್ಲೆಯನ್ನು ಮಂಗಳೂರಿನ ಪಾಲಿಗೆ ಬಿಟ್ಟು ಸುಮ್ಮನಿತ್ತು. ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷದಿಂದ ನರಳಿದ ಜಿಲ್ಲೆ ಇದು. ಇಲ್ಲಿ ಒಳ್ಳೆಯ ಆಸ್ಪತ್ರೆ ಎಲ್ಲರಿಗಿಂತ ಮೊದಲು ಬರಬೇಕಿತ್ತು. ಉಕ್ಕಿನಡ್ಕದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿತ್ತು. ಕೊರೊನಾ ಬರುವವರೆಗೂ ಅಲ್ಲಿ ರೋಗಿಗಳಿಗೆ ಹಾಸಿಗೆ ಸಿಕ್ಕಿರಲಿಲ್ಲ.

ಮಾರ್ಚ್ 2020

ದೇಶದ ಮೊದಲ ಕೊರೊನಾ ಪ್ರಕರಣ 2020ರ ಜನವರಿ 30ರಂದು ತ್ರಿಶೂರಿನಲ್ಲಿ ಸಿಕ್ಕಿತು. ಮೂರನೆಯದು ಸಿಕ್ಕಿದ್ದು ಕಾಸರಗೋಡು ಜಿಲ್ಲೆಯಲ್ಲಿ. ಮಾರ್ಚ್‌ನಲ್ಲಿ ಕೊಲ್ಲಿ ದೇಶಗಳಿಂದ ಬಂದವರ ಮೂಲಕ ಸೋಂಕು ಅಲ್ಲಿ ಹಬ್ಬಿತು. ತಿಂಗಳ ಕೊನೆಗೆ ಕಾಸರಗೋಡು ಒಂದೇ ಜಿಲ್ಲೆಯಲ್ಲಿ ನೂರಕ್ಕೂ ಜಾಸ್ತಿ ಪ್ರಕರಣಗಳಿದ್ದವು. ದಕ್ಷಿಣ ಕನ್ನಡದಲ್ಲಿ ಆಗ ಬೆರಳೆಣಿಕೆಯಷ್ಟು. ಅತ್ತ ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ಆಗಿ ಹೋಗಿತ್ತು. ಹಾಗಾಗಿ ಕರ್ನಾಟಕದ ಭಯವನ್ನು ಸುಳ್ಳು ಭಯ ಎಂದು ತಳ್ಳಿಹಾಕಲು ಆಗುವುದಿಲ್ಲ. ವೈರಸ್ ಬಗ್ಗೆ ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. ವೆನ್ಲಾಕ್ ಅನ್ನು ಕೋವಿಡ್ ಆಸ್ಪತ್ರೆ ಮಾಡಿ ಉಳಿದ ರೋಗಿಗಳನ್ನು ಬೇರೆಡೆಗೆ ಕಳಿಸಲಾಗಿತ್ತು. ಮಂಗಳೂರಿನ ಜನರಲ್ಲೂ ಗಡಿ ತೆರೆಯಬಾರದು ಎನ್ನುವವರ ದನಿಯೇ ಜೋರಾಗಿತ್ತು.

ತೊಂದರೆ ಶುರುವಾದದ್ದು ಕೊರೊನಾ ಇಲ್ಲದ ರೋಗಿಗಳಿಗೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ವಾರಕ್ಕೆ ಎರಡು ಮೂರು ಸಲ ಮಂಗಳೂರಿಗೆ ಬರಬೇಕಿತ್ತು. ಹೆರಿಗೆಯ ದಿನ ಹತ್ತಿರ ಬಂದವರ ಫೈಲು, ವೈದ್ಯರು ಎಲ್ಲ ಮಂಗಳೂರಿನಲ್ಲೇ. ಕ್ಯಾನ್ಸರ್ ರೋಗಿಗಳ ಮುಂದಿನ ಡೋಸಿನ ತಾರೀಖು ಕಾಯುವುದಿಲ್ಲ. ಆಂಬುಲೆನ್ಸ್‌ಗಳು ತಲಪಾಡಿವರೆಗೆ ಬಂದು ವಾಪಸ್ ಹೋದವು. ಹೀಗೆ ಚಿಕಿತ್ಸೆ ಸಿಗದೆ ಹಲವರು ಸತ್ತರು ಎಂದು ಕೇರಳ ಹೇಳಿತು. ಗಡಿಯ ಕೆಲವು ಹಳ್ಳಿಗಳ ಪಾಡು ಇನ್ನೂ ವಿಚಿತ್ರ. ತಮ್ಮದೇ ಜಿಲ್ಲೆಯ ಪೇಟೆಗೆ ಹೋಗಲೂ ಅವರು ಕರ್ನಾಟಕದ ರಸ್ತೆ ತುಳಿಯಬೇಕು.

ಸರಕಿನ ವಿಷಯದಲ್ಲಿ ಕರ್ನಾಟಕ ಬೇಗ ಮೆತ್ತಗಾಯಿತು. ಗುಂಡ್ಲುಪೇಟೆ, ಮೈಸೂರು ಕಡೆಯಿಂದ ವಯನಾಡಿಗೆ ಹೋಗುವ ಎರಡು ರಸ್ತೆಗಳನ್ನು ತರಕಾರಿ, ಅಕ್ಕಿ ಲಾರಿಗಳಿಗೆ ಬಿಟ್ಟಿತು. ಕೊಡಗಿನ ಮಾಕುಟ್ಟ ದಾರಿಗೆ ಹಾಕಿದ ಮಣ್ಣು ಮಾತ್ರ ಹಾಗೇ ಇತ್ತು. ಟೊಮೆಟೊ ದಾಟಬಹುದು, ರೋಗಿ ದಾಟುವಂತಿಲ್ಲ ಎಂದರೆ ನಗಬೇಕೋ ಅಳಬೇಕೋ ತಿಳಿಯದು.

ಕೋರ್ಟಿನಲ್ಲಿ

ಕೇರಳ ಹೈಕೋರ್ಟ್ ವಕೀಲರ ಸಂಘ ಅರ್ಜಿ ಹಾಕಿತು. ಏಪ್ರಿಲ್ 1ರಂದು ಬಂದ ಆದೇಶ ಗಮನಿಸುವಂಥದ್ದು. ರೋಗಿಗಳನ್ನು ತಡೆಯುವುದು ಸಂವಿಧಾನದ 19ನೇ ವಿಧಿಯ ಓಡಾಟದ ಹಕ್ಕಿಗೂ 21ನೇ ವಿಧಿಯ ಬದುಕುವ ಹಕ್ಕಿಗೂ ವಿರುದ್ಧ ಎಂದಿತು ಪೀಠ. ಆದರೆ ಕರ್ನಾಟಕ ಸರ್ಕಾರ ತನ್ನ ವ್ಯಾಪ್ತಿಯಲ್ಲಿಲ್ಲ. ಹಾಗಾಗಿ ಕೇಂದ್ರದ ಕಡೆ ತಿರುಗಿತು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಅಡ್ಡಿ ತೆಗೆಸಿ ಎಂದು ಆದೇಶಿಸಿತು.

ಇಲ್ಲಿ ನಮ್ಮ ಸಂವಿಧಾನದ ಒಂದು ಗೋಜಲು ಎದ್ದು ಕಾಣುತ್ತದೆ. ಸಾರ್ವಜನಿಕ ಆರೋಗ್ಯ ರಾಜ್ಯಗಳ ಪಟ್ಟಿಯಲ್ಲಿದೆ. ರಾಜ್ಯದಿಂದ ರಾಜ್ಯಕ್ಕೆ ರೋಗ ಹರಡದಂತೆ ತಡೆಯುವುದು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ. ಅಂತರರಾಜ್ಯ ಕ್ವಾರಂಟೈನ್ ಕೇಂದ್ರದ ಪಟ್ಟಿಯಲ್ಲಿದೆ. ರಸ್ತೆಯ ಮೇಲೆ ಮಣ್ಣು ಬಿದ್ದಾಗ ಅದನ್ನು ತೆಗೆಸುವ ಹೊಣೆ ಯಾರದ್ದು ಎಂದು ಕೇಳಿದರೆ ಮೂರು ಪಟ್ಟಿಗಳನ್ನೂ ಬಿಡಿಸಬೇಕು. ಕೇಂದ್ರವೇ ಮೊದಲ ವಾರದಲ್ಲಿ ಗಟ್ಟಿಯಾಗಿ ನಿಲ್ಲಬಹುದಿತ್ತು. ಅದು ಎರಡೂ ರಾಜ್ಯಗಳನ್ನು ನೋಡುತ್ತಾ ಕಾದದ್ದೇ ಜಾಸ್ತಿ.

ಕರ್ನಾಟಕ ಸುಪ್ರೀಂ ಕೋರ್ಟ್‌ಗೆ ಹೋಯಿತು. ಕಾಸರಗೋಡು ಸಂಸದ ರಾಜ್‌ಮೋಹನ್ ಉನ್ನಿತ್ತಾನ್ ಅರ್ಜಿಯೂ ಅಲ್ಲಿತ್ತು. ಗಡಿ ತೆರೆದರೆ ಸೋಂಕು ಹರಡುತ್ತದೆ, ಸ್ಥಳೀಯರು ವಿರೋಧಿಸುತ್ತಾರೆ, ಕಾನೂನು ಸುವ್ಯವಸ್ಥೆ ಕೆಡುತ್ತದೆ ಎಂಬುದು ಕರ್ನಾಟಕದ ವಾದ. ಇದೇ ಹೊತ್ತಿಗೆ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ಪತ್ರ ಬರೆದು, ಮಾನವೀಯತೆಯಿಂದ ರೋಗಿಗಳಿಗೆ ದಾರಿ ಬಿಡಿ ಎಂದು ಕೇಳಿದರು. ಯಡಿಯೂರಪ್ಪ ಒಪ್ಪಲಿಲ್ಲ. ಆಗಿನ ಕೇರಳ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಪ್ರಧಾನಿಗೆ ಪತ್ರ ಬರೆದರು.

ಸುಪ್ರೀಂ ಕೋರ್ಟ್ ಏಪ್ರಿಲ್ 3ರಂದು, ಕೇಂದ್ರ ಆರೋಗ್ಯ ಕಾರ್ಯದರ್ಶಿ ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳ ಜೊತೆ ಕೂತು ದಾರಿ ಹುಡುಕಲಿ ಎಂದಿತು. ನಾಲ್ಕು ದಿನದಲ್ಲಿ ದಾರಿ ಸಿಕ್ಕಿತು. ತುರ್ತು ಚಿಕಿತ್ಸೆ ಬೇಕಾದವರು, ಕೋವಿಡ್ ಇಲ್ಲ ಎಂಬ ಸರ್ಟಿಫಿಕೇಟ್ ಹಿಡಿದು, ಆಂಬುಲೆನ್ಸ್‌ನಲ್ಲಿ ಬರಬಹುದು. ತಲಪಾಡಿಯಲ್ಲಿ ಕರ್ನಾಟಕದ ವೈದ್ಯಕೀಯ ತಂಡ ನೋಡಿ ಒಳಗೆ ಬಿಡುತ್ತದೆ. ಏಪ್ರಿಲ್ 7ರಂದು ಸಾಲಿಸಿಟರ್ ಜನರಲ್ ಇದನ್ನು ತಿಳಿಸಿದರು, ಕೋರ್ಟ್ ಕೇಸು ಮುಗಿಸಿತು. ಒಂದು ರಾಜ್ಯ ಇನ್ನೊಂದು ರಾಜ್ಯದ ರೋಗಿಗೆ ಹೆದ್ದಾರಿ ಮುಚ್ಚಬಹುದೇ ಎಂಬ ಮೂಲ ಪ್ರಶ್ನೆಗೆ ತೀರ್ಪು ಬರಲಿಲ್ಲ.

ನನಗೆ ಇದರಲ್ಲಿ ಕಾಡುವುದು ಒಂದೇ ಸಂಗತಿ. ಸರ್ಟಿಫಿಕೇಟ್, ಗಡಿಯಲ್ಲಿ ತಪಾಸಣೆ, ಒಳಗೆ ಹೋದವರ ಮೇಲೆ ನಿಗಾ. ಮದ್ರಾಸ್ ಪ್ರಾಂತ್ಯದ ಪ್ಲೇಗ್ ಪಾಸ್‌ಪೋರ್ಟ್ ಇದಕ್ಕಿಂತ ಏನು ಬೇರೆ ಇತ್ತು? ನೂರಿಪ್ಪತ್ತು ವರ್ಷದ ಹಿಂದೆ ಇದೇ ಜಿಲ್ಲೆಗೆ ಗೊತ್ತಿದ್ದ ಏರ್ಪಾಡು ಅದು. ಗಡಿ ಮುಚ್ಚುವ ಆದೇಶದ ಜೊತೆಗೇ ಅದನ್ನೂ ಹೊರಡಿಸಬಹುದಿತ್ತು. ಗಡಿ ಬಿಗಿ ಮಾಡಿದ್ದನ್ನು ನಾನು ತಪ್ಪು ಎನ್ನಲಾರೆ. ಆಂಬುಲೆನ್ಸ್‌ಗೆ ಒಂದು ಸಾಲು ಬರೆಯದೆ ಮುಚ್ಚಿದ್ದು ತಪ್ಪು. ಆ ಸಾಲು ಬರೆಯಲು ಎರಡು ವಾರ, ಎರಡು ಕೋರ್ಟು ಬೇಕಾದವು.

ಹೆದರಿದಂತೆ ಕಾಸರಗೋಡು ಕುಸಿಯಲೂ ಇಲ್ಲ. ಮೊದಲ ಅಲೆಯ ಆ ರೋಗಿಗಳೆಲ್ಲ ಮೇ ತಿಂಗಳ ಹೊತ್ತಿಗೆ ಗುಣವಾದರು. ಉಕ್ಕಿನಡ್ಕದ ಕಟ್ಟಡವನ್ನು ಏಪ್ರಿಲ್‌ನಲ್ಲೇ ತರಾತುರಿಯಿಂದ ಕೋವಿಡ್ ಆಸ್ಪತ್ರೆ ಮಾಡಿದರು. ಸೆಪ್ಟೆಂಬರ್‌ನಲ್ಲಿ ಟಾಟಾ ಸಂಸ್ಥೆ ಚಟ್ಟಂಚಾಲ್‌ನಲ್ಲಿ ಹೊಸ ಆಸ್ಪತ್ರೆ ಕಟ್ಟಿಕೊಟ್ಟಿತು. ವರ್ಷಗಟ್ಟಲೆ ಆಗದ್ದು ತಿಂಗಳುಗಳಲ್ಲಿ ಆಯಿತು. ಗಡಿ ಮುಚ್ಚಿದ್ದಕ್ಕೇ ಆಯಿತು ಎನ್ನುವವರು ಇದ್ದಾರೆ, ಅದನ್ನು ಪೂರ್ತಿ ಅಲ್ಲಗಳೆಯುವುದು ಕಷ್ಟ.

ಮತ್ತೆ 2021

2020ರ ಜುಲೈ ಕೊನೆಯ ಅನ್‌ಲಾಕ್ ಮಾರ್ಗಸೂಚಿಯಲ್ಲಿ, ರಾಜ್ಯಗಳ ನಡುವೆ ಓಡಾಟಕ್ಕೆ ತಡೆ ಇರಬಾರದು ಎಂದು ಕೇಂದ್ರ ಸ್ಪಷ್ಟವಾಗಿ ಹೇಳಿತ್ತು. ಆದರೂ 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವಾಯಿತು. ತಲಪಾಡಿ, ಸಾರಡ್ಕ, ಜಾಲ್ಸೂರಿನಂಥ ಕೆಲವೇ ಕಡೆ ಪ್ರವೇಶ, ಉಳಿದ ದಾರಿಗಳು ಬಂದ್. ವಿಷಯ ಈ ಸಲ ಕರ್ನಾಟಕ ಹೈಕೋರ್ಟ್‌ಗೇ ಬಂತು. ಆಗಸ್ಟ್‌ನಲ್ಲಿ ದೇಶದ ಹೊಸ ಪ್ರಕರಣಗಳಲ್ಲಿ ಅರ್ಧದಷ್ಟು ಕೇರಳದಲ್ಲೇ ಇದ್ದಾಗ, ಎರಡು ಡೋಸ್ ಲಸಿಕೆ ಹಾಕಿಸಿಕೊಂಡವರಿಗೂ ವರದಿ ಬೇಕು ಎಂದರು. ಬಸ್ಸುಗಳು ತಲಪಾಡಿಯಲ್ಲೇ ನಿಂತವು. ಜನ ಇಳಿದು, ನಡೆದು ದಾಟಿ, ಆಚೆ ಬಸ್ ಹತ್ತಿದರು. ದಿನಾ ಮಂಗಳೂರಿಗೆ ಕಾಲೇಜಿಗೋ ಕೆಲಸಕ್ಕೋ ಬರುವವರು ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವ ಸ್ಥಿತಿ ಬಂತು.

ಹಾಗಂತ ಕೇರಳದವರು ಗಡಿ ಮುಚ್ಚುವುದನ್ನೇ ವಿರೋಧಿಸುವವರು ಎಂದುಕೊಳ್ಳಬೇಡಿ. 2020ರ ಮಾರ್ಚ್ ಕೊನೆಯಲ್ಲಿ, ಅಂದರೆ ತಲಪಾಡಿಗಾಗಿ ಕೋರ್ಟಿನ ಬಾಗಿಲು ತಟ್ಟುತ್ತಿದ್ದ ದಿನಗಳಲ್ಲೇ, ಕೇರಳ ತನ್ನದೇ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ತಂದಿತು. ರಾಜ್ಯದ ಗಡಿಯನ್ನು ಅಗತ್ಯ ಇರುವಷ್ಟು ಕಾಲ ಮುಚ್ಚುವ ಅಧಿಕಾರ ಅದರಲ್ಲಿದೆ. ಏಪ್ರಿಲ್‌ನಲ್ಲಿ ಬಂದ ಕರ್ನಾಟಕದ ಸುಗ್ರೀವಾಜ್ಞೆಯಲ್ಲೂ ಅದೇ ಅಧಿಕಾರ ಇದೆ. ಎರಡೂ ಆಮೇಲೆ ಕಾಯ್ದೆಗಳಾದವು.

2023ರ ಸೆಪ್ಟೆಂಬರ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ಮರಳಿ ಬಂತು. ಕೊರೊನಾಗಿಂತ ಎಷ್ಟೋ ಪಟ್ಟು ಹೆಚ್ಚು ಕೊಲ್ಲುವ ವೈರಸ್ ಇದು, ಆದರೆ ಅಷ್ಟು ಸುಲಭವಾಗಿ ಹರಡುವುದಿಲ್ಲ. ಆ ಸಲ ಕರ್ನಾಟಕ ಸೋಂಕಿರುವ ಜಾಗಗಳಿಗೆ ಅನಗತ್ಯವಾಗಿ ಹೋಗಬೇಡಿ ಎಂದು ಸುತ್ತೋಲೆ ಹೊರಡಿಸಿತು. ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರದಲ್ಲಿ ಜ್ವರದ ಮೇಲೆ ನಿಗಾ ಹೆಚ್ಚಿಸಿತು, ಗಡಿಯಲ್ಲಿ ತಪಾಸಣೆ ಇಟ್ಟಿತು. ಹೆದ್ದಾರಿ ಮುಚ್ಚಲಿಲ್ಲ.