ಉತ್ತರ ಹುಡುಕುವ ಓದು: ಚೀನಾದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಗದ್ಯಭಾಗ ಬೆಳೆದು ಬಂದ ಬಗೆ

ಪ್ರತಿ ವರ್ಷ ಜೂನ್ 8ರ ಮಧ್ಯಾಹ್ನ ಚೀನಾದ ಬಹುಪಾಲು ಊರುಗಳಲ್ಲಿ ಹದಿನೇಳು ಹದಿನೆಂಟು ವರ್ಷದ ಮಕ್ಕಳು ಒಂದೇ ಹೊತ್ತಿಗೆ ಕೂತು ಇಂಗ್ಲಿಷ್ ಗದ್ಯಭಾಗ ಓದುತ್ತಿರುತ್ತಾರೆ. ಕಾಲೇಜು ಸೇರಲು ಬರೆಯುವ ಈ ಪರೀಕ್ಷೆಯ ಹೆಸರು ಗಾವ್ಕಾವ್. 2024ರಲ್ಲಿ ಅದಕ್ಕೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. ನಮ್ಮ ಸಿಇಟಿ ಥರದ್ದು ಅನ್ನಬಹುದು, ಆದರೆ ಸಿಇಟಿಯಲ್ಲಿ ಇಂಗ್ಲಿಷ್ ಒಂದು ವಿಷಯವೇ ಅಲ್ಲ. ಚೀನಾದಲ್ಲಿ ಡಾಕ್ಟರ್ ಆಗಬೇಕಾದವರಿಗೂ, ಇಂಜಿನಿಯರ್ ಆಗಬೇಕಾದವರಿಗೂ, ಇತಿಹಾಸ ಓದುವವರಿಗೂ ವಿದೇಶಿ ಭಾಷೆಯ 150 ಅಂಕ ತಪ್ಪಿದ್ದಲ್ಲ, ಮತ್ತು ಹೆಚ್ಚಿನವರ ಪಾಲಿಗೆ ಆ ಭಾಷೆ ಇಂಗ್ಲಿಷ್. ಹೊಸ ಮಾದರಿಯ ಪ್ರಶ್ನೆಪತ್ರಿಕೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಭಾಗ ಒಂದಕ್ಕೇ 50 ಅಂಕ.

ನಾಲ್ಕು ಗದ್ಯಭಾಗ ಇರುತ್ತವೆ, ಒಂದೊಂದೂ ಹತ್ತಿರ ಹತ್ತಿರ 300 ಪದ. ಮೊದಲನೆಯದು ಮ್ಯೂಸಿಯಂ ಟಿಕೆಟ್ಟಿನ ವಿವರವೋ, ಬೇಸಿಗೆ ಶಿಬಿರದ ಜಾಹೀರಾತೋ ಆಗಿರುತ್ತದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಯಾರದ್ದೋ ಬದುಕಿನ ಕಥೆ. ಕೊನೆಯ ಎರಡು ಕಷ್ಟದವು, ವಿಜ್ಞಾನ ಸಮಾಜ ಅಂತ, ವಿದೇಶಿ ಪತ್ರಿಕೆಗಳಿಂದ ತೆಗೆದು ಕತ್ತರಿಸಿ ಸುಲಭ ಮಾಡಿದ ಬರಹಗಳು. ಇವಕ್ಕೆ 15 ಪ್ರಶ್ನೆ. ಆಮೇಲೆ ಐದು ವಾಕ್ಯ ಕಿತ್ತು ಜಾಗ ಖಾಲಿ ಬಿಟ್ಟ ಇನ್ನೊಂದು ಬರಹ ಬರುತ್ತದೆ, ಕೆಳಗೆ ಕೊಟ್ಟ ಏಳರಲ್ಲಿ ಸರಿಯಾದ ಐದನ್ನು ಆರಿಸಿ ಕೂರಿಸಬೇಕು. ಇದಕ್ಕೆಲ್ಲ ಸೇರಿ ಮುಕ್ಕಾಲು ಗಂಟೆಯೂ ಸಿಗುವುದಿಲ್ಲ.

ಹೈಸ್ಕೂಲಿನ ಮೂರು ವರ್ಷ (ಅಲ್ಲಿ ಹೈಸ್ಕೂಲು ಅಂದರೆ ಹತ್ತರಿಂದ ಹನ್ನೆರಡನೇ ತರಗತಿ) ಇಂಥ ನೂರಾರು ಗದ್ಯಭಾಗ ಓದುವ ಮಕ್ಕಳಲ್ಲಿ ಎಷ್ಟೋ ಜನ ಒಂದು ಇಂಗ್ಲಿಷ್ ಪುಸ್ತಕವನ್ನೂ ಪೂರ್ತಿ ಓದದೆ ಶಾಲೆ ಬಿಡುತ್ತಾರೆ. ಇದು ಮಕ್ಕಳ ತಪ್ಪಲ್ಲ, ಶಿಕ್ಷಕರ ಸೋಮಾರಿತನವೂ ಅಲ್ಲ. ಹೀಗಾಗಿದ್ದಕ್ಕೆ ಉದ್ದದ ಹಿನ್ನೆಲೆ ಇದೆ.

ಶುರುವಾಗಿದ್ದು ಬ್ರಿಟಿಷರ ಎದುರು ಚೀನಾ ಸೋತ ಯುದ್ಧದಿಂದ. 1858ರ ಟಿಯಾಂಜಿನ್ ಒಪ್ಪಂದದಲ್ಲಿ ಬ್ರಿಟಿಷರು ಒಂದು ಷರತ್ತು ಹಾಕಿದರು: ಇನ್ನು ಮುಂದೆ ನಮ್ಮ ಅಧಿಕಾರಿಗಳು ಬರೆಯುವ ಕಾಗದ ಇಂಗ್ಲಿಷಿನಲ್ಲಿರುತ್ತದೆ, ಸದ್ಯಕ್ಕೆ ಚೀನೀ ಪ್ರತಿ ಜೊತೆಗಿಡುತ್ತೇವೆ, ಅರ್ಥದಲ್ಲಿ ತಕರಾರು ಬಂದರೆ ಇಂಗ್ಲಿಷ್ ಪ್ರತಿಯೇ ಅಂತಿಮ. ಎದುರಾಳಿಯ ಭಾಷೆ ಓದಲು ಬರದಿದ್ದರೆ ತಾವು ಏನಕ್ಕೆ ಒಪ್ಪಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ, ಅಲ್ವಾ? ಹಾಗಾಗಿ 1862ರಲ್ಲಿ ಆಗ ಚೀನಾ ಆಳುತ್ತಿದ್ದ ಚಿಂಗ್ ರಾಜವಂಶದ ಸರ್ಕಾರ ಬೀಜಿಂಗಿನಲ್ಲಿ ಟೋಂಗ್‌ವೆನ್ ಗ್ವಾನ್ ಎಂಬ ಭಾಷಾ ಶಾಲೆ ತೆರೆಯಿತು. ಮೊದಲ ತಂಡದಲ್ಲಿದ್ದವರು ಆ ರಾಜವಂಶದ ಮಂಚು ಜನಾಂಗಕ್ಕೇ ಸೇರಿದ ಮನೆತನಗಳ ಹತ್ತು ಹುಡುಗರು. ಅವರಿಂದ ಸರ್ಕಾರಕ್ಕೆ ಬೇಕಾಗಿದ್ದದ್ದು ಕಾಗದಪತ್ರ ಓದಿ, ತಪ್ಪಿಲ್ಲದೆ ಅರ್ಥ ಹೇಳುವ ಕೆಲಸ. ಒಂದೊಂದು ಪದವನ್ನೂ ಬಿಡಿಸಿ ನೋಡುವ ಓದು ಅಲ್ಲಿ ಸಹಜವೇ ಆಗಿತ್ತು.

1905ರಲ್ಲಿ ಹಳೆಯ ಸಾಮ್ರಾಜ್ಯದ ಅಧಿಕಾರಿ ಪರೀಕ್ಷೆ ನಿಂತಿತು, ಹೊಸ ಶಾಲೆಗಳು ಬಂದವು, ಇಂಗ್ಲಿಷ್ ಪಠ್ಯಕ್ಕೆ ಸೇರಿತು. 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ನಂತರ ಗಾಳಿ ತಿರುಗಿ ರಷ್ಯನ್ ಮುಂದೆ ಬಂತು, 1954ರಲ್ಲಿ ಕಿರಿಯ ಹೈಸ್ಕೂಲಿನಿಂದ (ಏಳರಿಂದ ಒಂಬತ್ತನೇ ತರಗತಿ) ವಿದೇಶಿ ಭಾಷೆಯನ್ನೇ ತೆಗೆದರು. ಆಗ ಸೋವಿಯತ್ ಕಡೆಯಿಂದ ಬಂದು ಗಟ್ಟಿಯಾದ ಒಂದು ಪದ್ಧತಿ ಮಾತ್ರ ಮುಂದೆ ಇಂಗ್ಲಿಷ್ ತರಗತಿಯಲ್ಲೂ ಉಳಿದುಕೊಂಡಿತು. ಚಿಕ್ಕ ಪಾಠವೊಂದನ್ನು ಇಟ್ಟುಕೊಂಡು ವಾರಗಟ್ಟಲೆ ಅದನ್ನೇ ಅಗೆಯುವುದು, ಪ್ರತಿ ವಾಕ್ಯದ ವ್ಯಾಕರಣ ಬಿಡಿಸುವುದು, ಪ್ರತಿ ಹೊಸ ಪದಕ್ಕೆ ಉದಾಹರಣೆ ಬರೆಸುವುದು, ಕೊನೆಗೆ ಪಾಠವನ್ನೇ ಬಾಯಿಪಾಠ ಮಾಡಿಸುವುದು. ಸುಮ್ನೆ ಕೂತು ಉದ್ದದ ಬರಹವನ್ನು ವೇಗವಾಗಿ ಓದಿಕೊಂಡು ಹೋಗುವ ಓದಿಗೆ ವೇಳಾಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

ಸೋವಿಯತ್ ಜೊತೆ ಮನಸ್ತಾಪ ಬಂದ ಮೇಲೆ, 1964ರಲ್ಲಿ, ಇಂಗ್ಲಿಷ್ ಮೊದಲ ವಿದೇಶಿ ಭಾಷೆ ಅಂತ ತೀರ್ಮಾನವಾಯಿತು. ಎರಡೇ ವರ್ಷಕ್ಕೆ ಮಾವೋ ಶುರು ಮಾಡಿದ ಸಾಂಸ್ಕೃತಿಕ ಕ್ರಾಂತಿ ಎಂಬ ರಾಜಕೀಯ ಚಳವಳಿ ಬಂದು ಕಾಲೇಜು ಪ್ರವೇಶ ಪರೀಕ್ಷೆಯೇ ನಿಂತುಹೋಯಿತು. ತರಗತಿ ನಡೆದ ಕಡೆ ಪಠ್ಯದ ತುಂಬ ರಾಜಕೀಯ ಘೋಷಣೆಗಳ ಇಂಗ್ಲಿಷ್ ಅನುವಾದ. 1973ರಲ್ಲಿ ಹೆನಾನ್ ಪ್ರಾಂತ್ಯದ ಹಳ್ಳಿ ಶಾಲೆಯೊಂದರ ಹುಡುಗಿ ಇಂಗ್ಲಿಷ್ ಪರೀಕ್ಷೆಯ ಉತ್ತರಪತ್ರಿಕೆಯ ಹಿಂದೆ ಕೆಲವು ಸಾಲು ಬರೆದಿಟ್ಟಳು: ನಾನು ಚೀನಾದವಳು, ವಿದೇಶಿ ಭಾಷೆ ನನಗೇಕೆ, ಎಬಿಸಿ ಕಲಿಯದೆಯೂ ಕ್ರಾಂತಿಯ ವಾರಸುದಾರಳಾಗಬಲ್ಲೆ ಅನ್ನುವ ಅರ್ಥದ ಸಾಲುಗಳು. ಶಾಲೆಯಲ್ಲಿ ಅದಕ್ಕಾಗಿ ಬೈಸಿಕೊಂಡ ಆ ಮಗು ಜೀವ ಕಳೆದುಕೊಂಡಿತು. ಮರುವರ್ಷ ಬೀಜಿಂಗಿನ ನಾಯಕರು ಆ ಸಾವನ್ನೇ ರಾಜಕೀಯಕ್ಕೆ ಬಳಸಿಕೊಂಡು ಶಾಲೆಯ ಮುಖ್ಯಸ್ಥರನ್ನೂ ತರಗತಿ ಶಿಕ್ಷಕರನ್ನೂ ಜೈಲಿಗೆ ಹಾಕಿಸಿದರು. ಅದಾದ ಮೇಲೆ ಹಳ್ಳಿಯ ಯಾವ ಶಿಕ್ಷಕ ತಾನೇ ಧೈರ್ಯವಾಗಿ ಇಂಗ್ಲಿಷ್ ಕಲಿಸಿಯಾನು?

ಪ್ರವೇಶ ಪರೀಕ್ಷೆ ಮತ್ತೆ ಬಂದದ್ದು 1977ರ ಡಿಸೆಂಬರಿನಲ್ಲಿ. ಸುಮಾರು 57 ಲಕ್ಷ ಜನ ಬರೆದರು, ಸೀಟು ಸಿಕ್ಕಿದ್ದು 2 ಲಕ್ಷ 70 ಸಾವಿರ ಜನಕ್ಕೆ. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದವೇ ಸಾಲದೆ ಮಾವೋ ಅವರ ಆಯ್ದ ಬರಹಗಳ ಐದನೇ ಸಂಪುಟಕ್ಕೆ ಎತ್ತಿಟ್ಟಿದ್ದ ಕಾಗದ ಬಳಸಬೇಕಾಯಿತು. ಹತ್ತು ವರ್ಷ ಸರಿಯಾಗಿ ಇಂಗ್ಲಿಷ್ ಕಲಿಯದ ಪೀಳಿಗೆಗೆ ಏಕಾಏಕಿ ಆ ಅಂಕ ಕಡ್ಡಾಯ ಮಾಡುವ ಹಾಗಿರಲಿಲ್ಲ. 1978ರಲ್ಲಿ ವಿದೇಶಿ ಭಾಷೆಯ ಪರೀಕ್ಷೆ ನಡೆಯಿತು, ಹೆಚ್ಚಿನ ಕೋರ್ಸುಗಳ ಪ್ರವೇಶಕ್ಕೆ ಆ ಅಂಕ ಲೆಕ್ಕಕ್ಕೆ ಬರಲಿಲ್ಲ. 1979ರಲ್ಲಿ ದೊಡ್ಡ ವಿಶ್ವವಿದ್ಯಾಲಯಗಳಿಗೆ ಆ ಅಂಕದ ಶೇ 10 ಲೆಕ್ಕಕ್ಕೆ ಬಂತು, ಮುಂದೆ 1980ರಲ್ಲಿ ಶೇ 30, 1981ರಲ್ಲಿ ಶೇ 50, 1982ರಲ್ಲಿ ಶೇ 70, ಕೊನೆಗೆ 1983ರಲ್ಲಿ ಪೂರ್ತಿ ಅಂಕ. ಐದು ವರ್ಷದಲ್ಲಿ ಇಂಗ್ಲಿಷ್ ಚೀನೀ ಭಾಷೆ, ಗಣಿತಗಳ ಪಕ್ಕಕ್ಕೆ ಬಂದು ಕೂತಿತು. ಜಿಯಾಂಗ್ಸು ಪ್ರಾಂತ್ಯದ ಹಳ್ಳಿಯ ಯು ಮಿನ್‌ಹಾಂಗ್ ಎಂಬ ಹುಡುಗ 1978ರಲ್ಲಿ ಇಂಗ್ಲಿಷಿನಲ್ಲಿ 33 ಅಂಕ ತೆಗೆದು ಸೋತ, ಮತ್ತೊಮ್ಮೆ ಸೋತ, 1980ರಲ್ಲಿ 95 ತೆಗೆದು ಪೀಕಿಂಗ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ಸೇರಿದ. ಮುಂದೆ 1993ರಲ್ಲಿ ನ್ಯೂ ಓರಿಯಂಟಲ್ ಎಂಬ ಬಹುದೊಡ್ಡ ಟ್ಯೂಷನ್ ಕಂಪನಿ ಕಟ್ಟಿದವರು ಇವರೇ.

ಈಗಿನ ಗದ್ಯಭಾಗದ ಬೇರು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಲಕ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಬೇಕು, ಒಬ್ಬ ತಿದ್ದುವವನಿಗೂ ಇನ್ನೊಬ್ಬನಿಗೂ ಅಂಕ ಬೇರೆ ಬೇರೆ ಆಗಬಾರದು. ಗ್ವಾಂಗ್‌ಝೌ ವಿದೇಶಿ ಭಾಷಾ ಸಂಸ್ಥೆಯ ಗುಯಿ ಶಿಚುನ್ ಮತ್ತು ಲಿ ಷಿಯಾವೊಜು ಎಂಬ ಇಬ್ಬರು ವಿದ್ವಾಂಸರು ಒಂದು ಹೊಸ ಪರೀಕ್ಷೆ ರೂಪಿಸಿದರು. 1985ರಲ್ಲಿ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಅದರ ಪ್ರಯೋಗ ಶುರುವಾಗಿ, ಆ ದಶಕ ಮುಗಿಯುವ ಹೊತ್ತಿಗೆ ದೇಶದ ಉದ್ದಗಲಕ್ಕೂ ಹೋಯಿತು. ಬಹುಪಾಲು ಪ್ರಶ್ನೆಗಳಿಗೆ ನಾಲ್ಕು ಆಯ್ಕೆ, ಪೆನ್ಸಿಲಿನಲ್ಲಿ ಗುರುತು, ಯಂತ್ರದಲ್ಲಿ ಎಣಿಕೆ.

ಅವರ ಉದ್ದೇಶ ಒಳ್ಳೆಯದಿತ್ತು, ಇದನ್ನು ಒತ್ತಿ ಹೇಳಬೇಕು. ಬಿಡಿ ಪದ, ಬಿಡಿ ವ್ಯಾಕರಣ ಕೇಳುವುದನ್ನು ಕಡಿಮೆ ಮಾಡಿ ಭಾಷೆಯನ್ನು ಬಳಸುವ ಶಕ್ತಿ ಅಳೆಯಬೇಕು, ಪರೀಕ್ಷೆ ಬದಲಾದರೆ ತರಗತಿಯೂ ಬದಲಾಗುತ್ತದೆ ಅನ್ನುವುದು ಅವರ ನಂಬಿಕೆ. ಮಾತಾಡುವ ಶಕ್ತಿಯನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಅಳೆಯಲು ಆಗುತ್ತಿರಲಿಲ್ಲ. ಓದಿ ಅರ್ಥ ಮಾಡಿಕೊಂಡಿದ್ದನ್ನು ಅಳೆಯಬಹುದಿತ್ತು. ಹಾಗೆ ಗದ್ಯಭಾಗ ಪರೀಕ್ಷೆಯ ನಡುಮನೆಗೆ ಬಂತು. ಇನ್ನೊಂದು ನ್ಯಾಯವೂ ಇದರಲ್ಲಿತ್ತು. ಗುಡ್ಡಗಾಡಿನ ಶಾಲೆಯ ಮಗುವಿಗೆ ಇಂಗ್ಲಿಷ್ ಮಾತಾಡಲು ಜೊತೆ ಸಿಗುವುದಿಲ್ಲ, ಅಚ್ಚಾದ ಹಾಳೆ ಸಿಗುತ್ತದೆ. ಓದಿಗೆ ಅಂಕ ಜಾಸ್ತಿ ಇಟ್ಟಿದ್ದರಿಂದ ಶಾಂಘೈನ ಮಗುವಿಗೂ ಆ ಮಗುವಿಗೂ ಇರುವ ಅಂತರ ಸ್ವಲ್ಪವಾದರೂ ಕಡಿಮೆಯಾಯಿತು ಅಂತ ನಾನು ನಂಬುತ್ತೇನೆ.

ತರಗತಿ ಮಾತ್ರ ಅಂದುಕೊಂಡ ಹಾಗೆ ಬದಲಾಗಲಿಲ್ಲ. ಛಿ ಲುಷಿಯಾ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು: ಪರೀಕ್ಷೆ ರೂಪಿಸಿದವರಿಗೆ ಭಾಷೆಯ ಬಳಕೆ ಬೇಕಿತ್ತು, ಶಾಲೆಗೆ ಅಂಕ ಬೇಕಿತ್ತು, ಶಿಕ್ಷಕರು ಅಂಕಕ್ಕೆ ಬೇಕಾದಷ್ಟನ್ನೇ ಕಲಿಸಿದರು. ಒಂದು ಪರೀಕ್ಷೆಯ ಮೇಲೆ ಇಡೀ ಮನೆಯ ಭವಿಷ್ಯ ನಿಂತಿರುವಾಗ ಅವರನ್ನು ದೂರುವುದು ಕಷ್ಟ.

ಆ ಕಲಿಕೆ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡೋಣ. ಉದಾಹರಣೆಗೆ ನಾನೇ ಕಟ್ಟಿದ ಒಂದು ಗದ್ಯಭಾಗ ಇಟ್ಟುಕೊಳ್ಳಿ. ಒಂದು ಸಣ್ಣ ಊರಿನ ಲೈಬ್ರರಿಗೆ ಬರುವವರ ಸಂಖ್ಯೆ ಹತ್ತು ವರ್ಷದಲ್ಲಿ ಅರ್ಧಕ್ಕಿಳಿದಿದೆ. ನಿವೃತ್ತ ಶಿಕ್ಷಕಿಯೊಬ್ಬರು ಹಳೆಯ ವ್ಯಾನ್ ಕೊಂಡು, ಪುಸ್ತಕ ತುಂಬಿಕೊಂಡು ಮನೆ ಮನೆಗೆ ಹೋಗುತ್ತಾರೆ. ಪ್ರಶ್ನೆ: ಆಕೆ ವ್ಯಾನ್ ಕೊಂಡದ್ದು ಯಾಕೆ? ಆಯ್ಕೆಗಳು: ಹಣ ಗಳಿಸಲು, ಊರಿನ ಎಲ್ಲರೂ ಲೈಬ್ರರಿಯನ್ನು ದ್ವೇಷಿಸುತ್ತಿದ್ದರಿಂದ, ಲೈಬ್ರರಿಗೆ ಬರುವವರು ಕಡಿಮೆಯಾದದ್ದರಿಂದ, ಲೈಬ್ರರಿಯವರು ಕೇಳಿಕೊಂಡದ್ದರಿಂದ. ತರಬೇತಾದ ವಿದ್ಯಾರ್ಥಿ ಮೊದಲು ಗದ್ಯಭಾಗಕ್ಕೆ ಹೋಗುವುದೇ ಇಲ್ಲ. ಪ್ರಶ್ನೆ ಓದಿ, ‘ವ್ಯಾನ್’ ಅನ್ನುವ ಪದದ ಕೆಳಗೆ ಗೆರೆ ಎಳೆದು, ಕಣ್ಣಾಡಿಸಿ ಆ ಪದ ಎಲ್ಲಿದೆ ನೋಡಿ, ಅದರ ಹಿಂದಿನ ವಾಕ್ಯ ಓದುತ್ತಾನೆ. ‘ಎಲ್ಲರೂ’ ಅಂತ ಕಡ್ಡಿ ಮುರಿದ ಹಾಗೆ ಹೇಳುವ ಆಯ್ಕೆ ಸಾಮಾನ್ಯವಾಗಿ ತಪ್ಪು, ಅದನ್ನು ಹೊಡೆದುಹಾಕುತ್ತಾನೆ. ‘ಅರ್ಧಕ್ಕಿಳಿಯಿತು’ ಅನ್ನುವುದನ್ನೇ ‘ಕಡಿಮೆಯಾಯಿತು’ ಅಂತ ಬೇರೆ ಮಾತಲ್ಲಿ ಹೇಳಿದ ಮೂರನೆಯದು ಸರಿ, ಗುರುತು ಹಾಕಿ ಮುಂದಕ್ಕೆ. ಒಂದು ನಿಮಿಷವೂ ಆಗುವುದಿಲ್ಲ. ಆ ಶಿಕ್ಷಕಿ ಮುಂದೆ ಏನಾದರು, ಮಳೆಗಾಲದಲ್ಲಿ ವ್ಯಾನ್ ಹೇಗೆ ಓಡಿಸಿದರು ಅಂತ ಕೊನೆಯ ಪ್ಯಾರಾದಲ್ಲಿ ಇದ್ದರೂ, ಅದರ ಬಗ್ಗೆ ಪ್ರಶ್ನೆ ಇಲ್ಲದಿದ್ದರೆ ಅವನು ಅದನ್ನು ಓದುವುದಿಲ್ಲ. ಓದಲು ಸಮಯವೂ ಇಲ್ಲ.

ಏನೂ ಗೊತ್ತಾಗದಾಗ ಮಕ್ಕಳ ಬಾಯಲ್ಲಿ ಓಡಾಡುವ ಒಂದು ಸೂತ್ರವೂ ಇದೆ: ಮೂರು ಗಿಡ್ಡ ಒಂದು ಉದ್ದ ಇದ್ದರೆ ಉದ್ದದ್ದನ್ನು ಆರಿಸು, ಮೂರು ಉದ್ದ ಒಂದು ಗಿಡ್ಡ ಇದ್ದರೆ ಗಿಡ್ಡದ್ದನ್ನು ಆರಿಸು. ನನಗೆ ಇದನ್ನು ಕೇಳಿದಾಗ ನಗುಗಿಂತ ಬೇಜಾರೇ ಜಾಸ್ತಿ ಆಗುತ್ತದೆ.

ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. 90ರ ದಶಕದಲ್ಲಿ ಸರ್ಕಾರಿ ಪಠ್ಯಪುಸ್ತಕ ಪ್ರಕಾಶನವಾದ ಪೀಪಲ್ಸ್ ಎಜುಕೇಷನ್ ಪ್ರೆಸ್ ಬ್ರಿಟನ್ನಿನ ಲಾಂಗ್‌ಮನ್ ಪ್ರಕಾಶನದ ಜೊತೆ ಸೇರಿ ಹೊಸ ಪಠ್ಯಪುಸ್ತಕ ತಂದಿತು. ಅದರಲ್ಲಿ ಬರುವ ಲಿ ಲೇ, ಹಾನ್ ಮೇಮೇ ಎಂಬ ಮಕ್ಕಳ ಹೆಸರು ಆ ಪೀಳಿಗೆಗೆ ಇವತ್ತಿಗೂ ನೆನಪಿದೆ. 2001ರಿಂದ ಮೂರನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಯಿತು. ಹೊಸ ಪಠ್ಯಕ್ರಮ ಒಂಬತ್ತನೇ ತರಗತಿ ಮುಗಿಯುವುದರೊಳಗೆ ಮಕ್ಕಳು ಪಠ್ಯದ ಹೊರಗೆ ಒಟ್ಟು 1 ಲಕ್ಷ 50 ಸಾವಿರ ಪದಗಳಷ್ಟು ಇಂಗ್ಲಿಷ್ ಓದಿರಬೇಕು ಅಂತ ಬರೆಯಿತು. ಒಳ್ಳೆಯ ಸಾಲು ಅದು. ಮೂರ್ನಾಲ್ಕು ತೆಳು ಕಾದಂಬರಿಗಳಿಗೆ ಸಮ, ಅಥವಾ 300 ಪದದ 500 ಗದ್ಯಭಾಗಗಳಿಗೆ ಸಮ. ಲೈಬ್ರರಿಯಲ್ಲಿ ಇಂಗ್ಲಿಷ್ ಪುಸ್ತಕವೇ ಇಲ್ಲದ ಶಾಲೆ ಎರಡನೆಯದನ್ನು ಆರಿಸಿಕೊಳ್ಳುವುದು ಸಹಜ. ಪದಗಳ ಲೆಕ್ಕ ಸರಿಹೋಗುತ್ತದೆ. ಆದರೆ ಒಂದೇ ಕಥೆಯೊಳಗೆ ದಿನಗಟ್ಟಲೆ ಇದ್ದು, ಅರ್ಥವಾಗದ ಪದವನ್ನು ದಾಟಿಕೊಂಡು ಹೋಗಿ, ಮುಂದಿನ ಪುಟದಲ್ಲಿ ಅದರ ಅರ್ಥ ತಾನಾಗಿ ಹೊಳೆಯುವ ಅನುಭವ 500 ಗದ್ಯಭಾಗಗಳಿಂದ ಬರುವುದಿಲ್ಲ.

ಆಮೇಲೆ ಪರೀಕ್ಷೆಯನ್ನೇ ಮತ್ತೆ ತಿದ್ದುವ ಪ್ರಯತ್ನ ನಡೆಯಿತು. 2016ರ ಅಕ್ಟೋಬರಿನಲ್ಲಿ ಝೆಜಿಯಾಂಗ್ ಪ್ರಾಂತ್ಯದಲ್ಲಿ ಹೊಸ ಥರದ ಪ್ರಶ್ನೆ ಬಂತು. ಸುಮಾರು 350 ಪದದ ಅರ್ಧ ಕಥೆ ಕೊಡುತ್ತಾರೆ, ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯ ಮಾತ್ರ ಕೊಟ್ಟಿರುತ್ತಾರೆ, ವಿದ್ಯಾರ್ಥಿ ಸುಮಾರು 150 ಪದದಲ್ಲಿ ಕಥೆ ಮುಗಿಸಬೇಕು. 25 ಅಂಕ. ಪಾತ್ರದ ಸ್ವಭಾವ ಹಿಡಿಯದೆ, ಕಥೆಯನ್ನು ಪೂರ್ತಿ ಓದದೆ ಇದನ್ನು ಬರೆಯಲು ಆಗುವುದಿಲ್ಲ. ನನ್ನ ಮಟ್ಟಿಗೆ ನಲವತ್ತು ವರ್ಷದಲ್ಲಿ ಬಂದ ಅತಿ ಒಳ್ಳೆಯ ಬದಲಾವಣೆ ಇದು. ಈಗ ಬಹಳ ಪ್ರಾಂತ್ಯಗಳಲ್ಲಿ ಇದೇ ಮಾದರಿ ಇದೆ. ಅಷ್ಟರಲ್ಲಿ ಟ್ಯೂಷನ್ನಿನವರು ಇದಕ್ಕೂ ಸಿದ್ಧ ಸಾಲುಗಳ ಪಟ್ಟಿ ಮಾಡಿಕೊಟ್ಟರು. ಭಯಕ್ಕೆ ಹತ್ತು ಸಾಲು, ಖುಷಿಗೆ ಹತ್ತು ಸಾಲು, ಕಣ್ಣೀರಿಗೆ ಹತ್ತು ಸಾಲು, ಬಾಯಿಪಾಠ ಮಾಡಿ ಎಲ್ಲಿ ಬೇಕೋ ಅಲ್ಲಿ ಕೂರಿಸಿ ಅಂತ.

ಅದೇ ಝೆಜಿಯಾಂಗಿನಲ್ಲಿ 2018ರ ನವೆಂಬರಿನಲ್ಲಿ ಒಂದು ದೊಡ್ಡ ಗಲಾಟೆಯಾಯಿತು. ಆ ಪ್ರಾಂತ್ಯದಲ್ಲಿ ಇಂಗ್ಲಿಷನ್ನು ವರ್ಷಕ್ಕೆ ಎರಡು ಸಲ ಬರೆದು, ಜಾಸ್ತಿ ಬಂದ ಅಂಕ ಇಟ್ಟುಕೊಳ್ಳಬಹುದು. ಆ ಸಲ ಪ್ರಶ್ನೆಪತ್ರಿಕೆ ಕಷ್ಟವಾಗಿತ್ತು ಅಂತ ಅಧಿಕಾರಿಗಳು ಓದಿನ ಭಾಗ ಮತ್ತು ಬರವಣಿಗೆಯ ಕೆಲವು ಪ್ರಶ್ನೆಗಳ ಅಂಕವನ್ನು ಲೆಕ್ಕಾಚಾರ ಮಾಡಿ ಏರಿಸಿದರು, ಮೊದಲೇ ಯಾರಿಗೂ ಹೇಳಲಿಲ್ಲ. ಅಂಕ ನೋಡಿದ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ತಲೆಬುಡ ಗೊತ್ತಾಗಲಿಲ್ಲ. ತನಿಖೆ ನಡೆದು, ಡಿಸೆಂಬರಿನಲ್ಲಿ ಮೂಲ ಅಂಕಗಳನ್ನೇ ವಾಪಸ್ ಕೊಟ್ಟರು, ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರ ಹುದ್ದೆ ಹೋಯಿತು. ನಾಲ್ಕಾರು ಗದ್ಯಭಾಗಗಳ ಅಂಕಕ್ಕೆ ಅಲ್ಲಿ ಅಷ್ಟು ತೂಕ.

ಇಂಗ್ಲಿಷಿನ ತೂಕವನ್ನೇ ಇಳಿಸಿ ಅನ್ನುವ ಕೂಗು ಕೂಡ ಹಳೆಯದೇ. 2013ರಲ್ಲಿ ಬೀಜಿಂಗ್ ನಗರ ಇಂಗ್ಲಿಷನ್ನು 150ರಿಂದ 100 ಅಂಕಕ್ಕೆ ಇಳಿಸಿ ಚೀನೀ ಭಾಷೆಯನ್ನು 180ಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು, ಅದು ಹಾಗೆ ಜಾರಿಯಾಗಲಿಲ್ಲ. 2021ರಲ್ಲಿ ಲಾಭಕ್ಕಾಗಿ ನಡೆಸುವ ಟ್ಯೂಷನ್ ಮೇಲೆ ದೇಶವ್ಯಾಪಿ ಕಡಿವಾಣ ಬಿತ್ತು, ಅದೇ ವರ್ಷ ಶಾಂಘೈ ಪ್ರಾಥಮಿಕ ಶಾಲೆಗಳ ವರ್ಷಾಂತ್ಯದ ಇಂಗ್ಲಿಷ್ ಪರೀಕ್ಷೆಯನ್ನು ಕೈಬಿಟ್ಟಿತು. ಅಂಕ ಇಳಿಸಿದರೆ ಒತ್ತಡ ಸ್ವಲ್ಪ ಇಳಿಯಬಹುದು, ಓದು ಹುಟ್ಟುವುದಿಲ್ಲ. ದುಡ್ಡಿರುವ ಮನೆಯವರು ಮಕ್ಕಳಿಗೆ ಹೇಗೂ ಇಂಗ್ಲಿಷ್ ಪುಸ್ತಕ ಕೊಡಿಸುತ್ತಾರೆ. ಶಾಲೆಯಲ್ಲಿ ಕಲಿಸುವುದನ್ನು ಕಡಿಮೆ ಮಾಡಿದರೆ ಕಳೆದುಕೊಳ್ಳುವವರು ಅದೇ ಗುಡ್ಡಗಾಡಿನ ಮಕ್ಕಳು.

ಬದಲಾವಣೆಗೆ ಜಾಗ ಇರುವುದು ಹೈಸ್ಕೂಲಿನ ಮೊದಲ ಎರಡು ವರ್ಷಗಳಲ್ಲಿ. ಬಹಳ ಕಡೆ ಪಠ್ಯವನ್ನೆಲ್ಲ ಆ ಎರಡು ವರ್ಷದಲ್ಲೇ ಮುಗಿಸಿ, ಮೂರನೇ ವರ್ಷ ಪೂರ್ತಿ ಪುನರಾವರ್ತನೆ, ಮಾದರಿ ಪ್ರಶ್ನೆಪತ್ರಿಕೆ, ಮತ್ತೆ ಪುನರಾವರ್ತನೆ. ಆ ಕೊನೆಯ ವರ್ಷವನ್ನು ಯಾರೂ ಮುಟ್ಟಲಾರರು. ಕೆಲವು ನಗರದ ಶಾಲೆಗಳು ಮೊದಲ ವರ್ಷದಲ್ಲೇ ಇಡೀ ಇಂಗ್ಲಿಷ್ ಪುಸ್ತಕ ಓದಿಸುವ ಪೀರಿಯಡ್ ಇಟ್ಟಿವೆ. ಕೌಂಟಿ (ನಮ್ಮ ತಾಲೂಕಿನ ಥರದ್ದು) ಮಟ್ಟದ ಶಾಲೆಗಳಿಗೆ ಹಾಗೆ ಮಾಡಲು ಬೇಕಾಗಿರುವುದು ಒಂದು ತರಗತಿಗೆ ಸಾಲುವಷ್ಟು ಸರಳ ಪುಸ್ತಕಗಳ ಕಪಾಟು, ವಾರಕ್ಕೊಂದು ಪೀರಿಯಡ್, ಮತ್ತು ಆ ಪೀರಿಯಡ್ಡಿನ ಕೊನೆಗೆ ಯಾವ ಪ್ರಶ್ನೆಯನ್ನೂ ಕೇಳದೆ ಇರುವುದಕ್ಕೆ ಶಿಕ್ಷಕರಿಗೆ ಮೇಲಿನವರ ಅನುಮತಿ.