1600 ಮೀಟರ್ ಓಟದಲ್ಲಿ ತರಬೇತಿ ತತ್ವಗಳು: ನನ್ನ ಟಿಪ್ಪಣಿ

ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರಿಗೆ ಈ ಲೆಕ್ಕ ಬಾಯಿಪಾಠ: 1600 ಮೀಟರ್, 6 ನಿಮಿಷ 30 ಸೆಕೆಂಡ್. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ತರಬೇತಿ ತತ್ವಗಳನ್ನು ಈ ಓಟದ ಮೇಲೇ ಇಟ್ಟು ನೋಡೋಣ.

ಓವರ್‌ಲೋಡ್ ಅಂದರೆ ರೂಢಿಗಿಂತ ಸ್ವಲ್ಪ ಜಾಸ್ತಿ ಕೆಲಸ. ದಿನಾ ಅದೇ ಎರಡು ಸುತ್ತು, ಅದೇ ವೇಗ ಅಂದರೆ ದೇಹಕ್ಕೆ ಬದಲಾಗುವ ಕಾರಣವೇ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಆ 'ಸ್ವಲ್ಪ'ದಲ್ಲಿ.

ನಾನೂ ಎಡವಿದೆ. ದಿನಾ ಬೆಳಗ್ಗೆ ನಾಲ್ಕೂ ಸುತ್ತು ಜೀವ ಬಿಟ್ಟು ಓಡುತ್ತಿದ್ದೆ. ಮೂರು ವಾರದಲ್ಲಿ 7 ನಿಮಿಷ 40 ಸೆಕೆಂಡ್ ಇದ್ದದ್ದು 7:10ಕ್ಕೆ ಬಂತು. ಖುಷಿಯೋ ಖುಷಿ. ನಾಲ್ಕನೇ ವಾರ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಒಳಅಂಚಿಗೆ ಬೆರಳಿಟ್ಟರೆ ಪ್ರಾಣ ಹೋಗುವಷ್ಟು ನೋವು. ಮೆಟ್ಟಿಲು ಇಳಿಯಲೂ ಆಗಲಿಲ್ಲ.

ಯಾಕೆ ಹೀಗೆ? ಹೃದಯ, ರಕ್ತ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆಗೆ ತಿಂಗಳುಗಳು ಬೇಕು. ಒತ್ತಡ ಬಿದ್ದ ಕಡೆ ಮೂಳೆ ಮೊದಲು ಹಳೆಯದನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ದಿನಗಳಲ್ಲಿ ಆ ಜಾಗ ಮೊದಲಿಗಿಂತ ದುರ್ಬಲ. ಆಗಲೂ ದಿನಾ ಬಡಿದರೆ, ಕ್ಯೂರಿಂಗ್ ಆಗದ ಗೋಡೆಯ ಮೇಲೆ ಮೋಲ್ಡ್ ಹಾಕಿದ ಹಾಗೆ. ನನ್ನ ದಮ್ಮು ಓಡು ಅನ್ನುತ್ತಿತ್ತು, ಮೂಳೆ ಇನ್ನೂ ಹಸಿ. ಹಾಗಾಗಿ ವಿಶ್ರಾಂತಿಯ ದಿನವನ್ನೂ ವೇಳಾಪಟ್ಟಿಯಲ್ಲಿ ಬರೆದಿಡಿ. ನೋವು ಒಂದೇ ಬಿಂದುವಿನಲ್ಲಿದ್ದು, ಸುಮ್ನೆ ನಡೆದರೂ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಈಗ ವಾರಕ್ಕೆ ನಾಲ್ಕೇ ದಿನ ಓಡುತ್ತೇನೆ. ಮೂರು ದಿನ ನಿಧಾನ, ಪಕ್ಕದವನ ಜೊತೆ ಮಾತಾಡಿಕೊಂಡೇ ಓಡುವಷ್ಟು. ಒಂದು ದಿನ 400 ಮೀಟರ್ ಐದು ಸಲ, ಪ್ರತಿ ಸಲ 95 ಸೆಕೆಂಡ್, ನಡುವೆ ಎರಡು ಮೂರು ನಿಮಿಷ ನಡಿಗೆ. ಇದೇ ನಿರ್ದಿಷ್ಟತೆಯ ತತ್ವ: ಯಾವ ವೇಗ ಬೇಕೋ ಅದನ್ನೇ ಕಾಲಿಗೆ ಕಲಿಸಬೇಕು. ಸೈಕಲ್ ತುಳಿದರೆ ದಮ್ಮು ಬರುತ್ತದೆ, 97 ಸೆಕೆಂಡಿನ ಅಂದಾಜು ಬರುವುದಿಲ್ಲ. ಅಂದಾಜಿಲ್ಲದವರು ಮೊದಲ ಸುತ್ತು 80 ಸೆಕೆಂಡಿಗೆ ಹಾರಿ, ಕೊನೆಯ ಸುತ್ತಿನಲ್ಲಿ ಸೊಂಟ ಹಿಡಿದು ನಡೆಯುವುದನ್ನು ಮೈದಾನದಲ್ಲಿ ನೋಡಿರುತ್ತೀರಿ, ಅಲ್ವಾ?

ಬಿಟ್ಟರೆ ಇಳಿಯುತ್ತದೆ ಅನ್ನುವುದೂ ಒಂದು ತತ್ವ. ಎರಡು ಮೂರು ವಾರ ಓಡದಿದ್ದರೆ ದಮ್ಮು ಕಡಿಮೆಯಾಗುತ್ತದೆ. ಒಂದು ವಾರ ಓಟ ತಗ್ಗಿಸಿದರೆ ಏನೂ ಆಗುವುದಿಲ್ಲ. ಪರೀಕ್ಷೆಯ ಹಿಂದಿನ ವಾರ ಅರ್ಧಕ್ಕೆ ಇಳಿಸಿ. ಕಾಲು ಹಗುರಾಗಿ, ಇನ್ನೂ ನಾಲ್ಕು ಸುತ್ತು ಹೊಡೆಯೋಣ ಅನ್ನಿಸುತ್ತದೆ. ಹೊಡೆಯಬೇಡಿ.